ಬುಧವಾರ ಕೆಡುವ ಟಿವಿ

ಮುಳಬಾಗಿಲು

ಜಪಾನಿಗೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಆ ಹಿಮದ ಪರ್ವತ ಹೇಗಿತ್ತು ಎಂದು. ನಾನು ನೋಡಲಿಲ್ಲ. ತೋರಿಸಲು ಎರಡು ಸಲ ಕರೆದುಕೊಂಡು ಹೋದರು, ಎರಡು ಸಲವೂ ಮೋಡ. ಪರ್ವತ ಇರಬೇಕಾದ ದಿಕ್ಕಿಗೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಅದರಲ್ಲಿ ನನ್ನ ಹಿಂದೆ ಇರುವ ಮೋಡ ಕೋಲಾರದ ಮೋಡದ ಹಾಗೆಯೇ ಇದೆ. ನಾನು ಅಲ್ಲಿ ಕಣ್ತುಂಬ ನೋಡಿದ್ದು ಎರಡೇ: ರೇಷ್ಮೆಹುಳು ಮತ್ತು ಟಿವಿ. ಹುಳುವಿನ ಬಗ್ಗೆ ದಪ್ಪನೆಯ ವರದಿ ಬರೆದು ಕೊಟ್ಟಾಗಿದೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಲಕ್ಕೂರಿನವನು, ಹೆಸರು ಚಂಗಲರಾಯಪ್ಪ. ಎಂಬತ್ತರ ದಶಕದ ಆರಂಭದಲ್ಲಿ ಮುಳಬಾಗಿಲಿನಲ್ಲಿ ರೂಮು ಮಾಡಿಕೊಂಡು, ಸುತ್ತಲ ಹಳ್ಳಿಗಳ ರೈತರಿಗೆ ರೇಷ್ಮೆಹುಳು ಸಾಕುವುದು ಹೇಗೆಂದು ತೋರಿಸುವ ಸರ್ಕಾರಿ ಕೆಲಸದಲ್ಲಿದ್ದೆ. ತಾತನ ಕಾಲದಿಂದ ಹುಳು ಸಾಕಿದವರು ನನ್ನ ಮಾತನ್ನು ಮರ್ಯಾದೆಯಿಂದ ಕೇಳಿ, ಕಾಫಿ ಕೊಟ್ಟು ಕಳಿಸಿ, ನಾನು ತಿರುವು ದಾಟಿದ ಮೇಲೆ ತಮಗೆ ತೋಚಿದ ಹಾಗೆ ಮಾಡುತ್ತಿದ್ದರು.

ಬೆಳಗಿನ ಶ್ರೀನಿವಾಸಪುರದ ಬಸ್ಸಿನಲ್ಲಿ ಸರೋಜಾ ಟೀಚರ್ ಬರುತ್ತಿದ್ದರು. ಮನೆ ಮುಳಬಾಗಿಲು, ಕೆಲಸ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ, ಪಾಠ ಗಣಿತ. ತಮಾಷೆ ಮಾಡುವಾಗ ಅವರ ಮುಖ ಅದರಲ್ಲಿ ಭಾಗವಹಿಸುತ್ತಿರಲಿಲ್ಲ. ಒಂದು ದಿನ ಬಸ್ಸು ಕೆಟ್ಟು ಮಾವಿನ ತೋಪಿನ ಪಕ್ಕ ನಿಂತಿತು. ಕಂಡಕ್ಟರು "ಐದೇ ನಿಮಿಷ ಟೀಚರ್" ಎಂದ. ಬಿಸಿಲು ನೆತ್ತಿಗೆ ಬಂದ ಮೇಲೆ ಅವರು ಹೋಗಿ, "ಏನಪ್ಪಾ, ನಿಂಗೆ ಲೆಕ್ಕ ಹೇಳಿಕೊಟ್ಟೋರು ಯಾರು? ನಾನಲ್ಲ ತಾನೆ?" ಎಂದು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು. ಆವತ್ತಿನಿಂದ ನಾನು ಬೇರೆ ಬಸ್ಸು ಹತ್ತಲಿಲ್ಲ. ನನ್ನ ಕೆಲಸ ಬೇರೆ ದಿಕ್ಕಿನ ನಂಗಲಿ ಕಡೆಗಿದ್ದ ದಿನವೂ ಶ್ರೀನಿವಾಸಪುರಕ್ಕೆ ಹೋಗಿ ಅಲ್ಲಿಂದ ಸುತ್ತಿಕೊಂಡು ಬರುತ್ತಿದ್ದೆ.

ಹೆಚ್ಚಿನ ತರಬೇತಿಗೆಂದು ನನ್ನನ್ನು ಜಪಾನಿಗೆ ಆರಿಸಿದರು. ಹೊರಡುವ ವಾರ ಬಸ್ಸಿನಲ್ಲಿ ಟೀಚರ್ ಹೇಳಿದರು, "ದಸರಾ ರಜದಲ್ಲಿ ನನ್ನ ನೋಡಕ್ಕೆ ಚಿಂತಾಮಣಿ ಕಡೆಯಿಂದ ಗಂಡಿನವರು ಬರ್ತಾರಂತೆ ಸಾರ್."

ನಾನು ಹೇಳಿದ್ದು: "ಹೌದಾ ಟೀಚರ್? ಒಳ್ಳೇದು."

ಅವರು ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ, "ಅಲ್ಲಿ ಚಳಿಯಂತೆ. ಸ್ವೆಟರ್ ತಗೊಂಡು ಹೋಗಿ" ಎಂದರು.

ಸ್ವೆಟರ್ ತೆಗೆದುಕೊಂಡೆ. ಹುರಿಹಿಟ್ಟು, ಉಪ್ಪಿನಕಾಯಿ, ಚಟ್ನಿಪುಡಿ, ತಲೆನೋವಿನ ಮುಲಾಮು, ಎಲ್ಲ ತುಂಬಿಕೊಂಡೆ. ಹೇಳಬೇಕಾಗಿದ್ದ ಒಂದು ಮಾತನ್ನು ಬಿಟ್ಟು ಇನ್ನೇನನ್ನೂ ನಾನು ಮರೆಯಲಿಲ್ಲ.

ಟೋಕಿಯೊ ವಿಮಾನ ನಿಲ್ದಾಣ

ಕಸ್ಟಮ್ಸ್‌ನವನು ಹುರಿಹಿಟ್ಟಿನ ಡಬ್ಬಿ ತೆರೆದು ಮೂಸಿದ. ಅದು ರಾಗಿ ಎಂದೆ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿದ್ದರೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅವನ ಮುಖ ಕೋಪದ್ದೋ, ಅನುಮಾನದ್ದೋ, ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದದ್ದೋ ಏನೂ ತಿಳಿಯುವಂತಿರಲಿಲ್ಲ. ತಿಂದು ತೋರಿಸು ಎಂದು ಕೈಸನ್ನೆ ಮಾಡಿದ. ಹುರಿಹಿಟ್ಟನ್ನು ಹಾಲು ಬೆಲ್ಲ ಇಲ್ಲದೆ ಒಣ ಹಿಟ್ಟಾಗಿಯೇ ಬಾಯಿಗೆ ಹಾಕಿಕೊಂಡವರಿಗೆ ಗೊತ್ತು, ಅದು ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿಬಿಡುತ್ತದೆ. ನಾನು ಒಂದು ಹಿಡಿ ಹಾಕಿಕೊಂಡೆ. ಉಸಿರು ಸಿಕ್ಕಿಕೊಂಡಿತು. ಕೆಮ್ಮಿದೆ. ಮೇಜಿನ ಮೇಲೂ ಅವನ ಟೋಪಿಯ ಮೇಲೂ ಲಕ್ಕೂರಿನ ರಾಗಿ ಹಾರಿತು.

ಅವನು ನೀರು ತಂದುಕೊಟ್ಟ. ಟೋಪಿ ಒರೆಸಿಕೊಂಡ. ಅನಂತರ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಯೋಚಿಸಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಡಬ್ಬಿ ಮುಚ್ಚಿದ. ಅದು ಹೊಗಳಿಕೆಯೋ ಸಂತಾಪವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಟ್ಟದ ಊರು

ನನ್ನನ್ನು ಬಿಟ್ಟದ್ದು ರೈಲಿನಲ್ಲಿ ಬಹುದೂರದ ಒಂದು ಬೆಟ್ಟದ ಊರಿನ ರೈತರ ಮನೆಯಲ್ಲಿ. ಯಜಮಾನರು ಓನೊ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಅವರ ತಾಯಿ, ಎಲ್ಲರಿಗೂ ಅಜ್ಜಿ. ಹೆಂಡತಿ ಬೆಳಗಾದರೆ ಪೇಟೆಯ ಕಾರ್ಖಾನೆಗೆ ಹೋಗಿಬಿಡುತ್ತಿದ್ದರು. ಮಗಳು ಮಿದೊರಿ ಹೈಸ್ಕೂಲಿನ ಹುಡುಗಿ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವಾದ್ದರಿಂದ ನಮಗೆ ಚೆನ್ನಾಗಿ ಹೊಂದಿಕೆಯಾಯಿತು. ಮನೆಯವರ ಮಾತನ್ನೆಲ್ಲ ಅವಳೇ ನನಗೆ ದಾಟಿಸುತ್ತಿದ್ದಳು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಇಬ್ಬರ ಮಾನವೂ ಹೋಗುತ್ತದೆ.

ನನ್ನ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ. ಸುಲಭವಾಗಲಿ ಎಂದು "ಚನ್ ಅನ್ನಿ ಸಾಕು" ಎಂದೆ. ಅಂದಿನಿಂದ ನಾನು ಚನ್ ಸಾನ್. ಊರಿನ ಮಕ್ಕಳು ಯಾಕೆ ನನ್ನ ಹಿಂದೆ ಬರುತ್ತಿದ್ದರೆಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು. 'ಚನ್' ಎಂದರೆ ಅಲ್ಲಿ ಪುಟ್ಟ ಮಕ್ಕಳ ಹೆಸರಿಗೆ ಮುದ್ದಿನಿಂದ ಸೇರಿಸುವ ಮಾತಂತೆ. ಅಂದರೆ ಮೀಸೆ ಹೊತ್ತ ನನ್ನನ್ನು ಊರೆಲ್ಲ 'ಪುಟ್ಟಿ ಅವರೇ' ಎಂದು ಕರೆಯುತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಮಿದೊರಿಯನ್ನು ಕೇಳಿದೆ.

"ನೀವೇ ಆರಿಸಿಕೊಂಡ ಹೆಸರು," ಎಂದಳು. "ನಿಮ್ಮ ದೇಶದ ಪದ್ಧತಿ ಇರಬಹುದು ಅಂದುಕೊಂಡೆವು."

ಹುಳುವಿಗೆ ಅಲ್ಲಿ ನನಗಿಂತ ಮರ್ಯಾದೆ. ಹೆಸರಿನ ಹಿಂದೆ ಮುಂದೆ ಗೌರವ ಹಚ್ಚಿ, 'ಹುಳುಮಹಾಶಯರು ಊಟ ಮಾಡಿದರೇ' ಎಂಬ ಧಾಟಿಯಲ್ಲಿ ಮಾತಾಡುತ್ತಾರೆ. ಹುಳು ಮೇವು ಬಿಟ್ಟು ತಲೆಯೆತ್ತಿ ಪೊರೆ ಕಳಚುವುದಕ್ಕೆ ನಾವು 'ಜ್ವರ' ಎನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ. ಅವರು ಅದನ್ನು 'ನಿದ್ದೆ' ಎನ್ನುತ್ತಾರೆ. ಒಂದೇ ಹುಳು ನಮ್ಮ ಮನೆಯಲ್ಲಿ ಕಾಯಿಲೆ ಬಿದ್ದಿದೆ, ಅವರ ಮನೆಯಲ್ಲಿ ಹಾಯಾಗಿ ಮಲಗಿದೆ.

ಹುಳು ಹಾಗೆ ಮಲಗಿದ್ದ ದಿನ ಓನೊ ಸಾನ್ ನನ್ನನ್ನು ಪಕ್ಕಕ್ಕೆ ಕರೆದು, ನಿದ್ದೆಯಲ್ಲಿರುವಾಗ ವಿದೇಶಿ ಭಾಷೆ ಕಿವಿಗೆ ಬಿದ್ದರೆ ಹುಳುಗಳು ಗೂಡನ್ನು ಸೊಟ್ಟಗೆ ಕಟ್ಟುತ್ತವೆ ಎಂದು ಹೇಳಿದರು. ವಿಜ್ಞಾನಿಯ ಗಾಂಭೀರ್ಯ. ನಾನು ಬಾಯಿ ಹೊಲಿದುಕೊಂಡೆ. ಊಟಕ್ಕೆ ಕರೆದರೆ ತಲೆಯಾಡಿಸಿದೆ. ಸೀನು ಬಂದರೆ ಓಡಿಹೋಗಿ ಹಿಪ್ಪುನೇರಳೆ ತೋಟದಲ್ಲಿ ಸೀನಿಬಂದೆ. ಸೀನಿಗೆ ಭಾಷೆ ಇಲ್ಲವೆಂಬ ಧೈರ್ಯ ಬರಲಿಲ್ಲ. ಮರುದಿನ ಸಂಜೆ ಅಜ್ಜಿ ಗಾಬರಿಯಾಗಿ, ಈ ಮನುಷ್ಯನಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದಾಗ ವಿಷಯ ಹೊರಬಿತ್ತು.

"ಅಪ್ಪ ತಮಾಷೆ ಮಾಡಿದ್ದು," ಎಂದಳು ಮಿದೊರಿ.

"ಮುಖ ನೋಡಿದ್ರೆ ಗೊತ್ತೇ ಆಗಲಿಲ್ಲವಲ್ಲ!"

"ಅದು ಅವರ ತಮಾಷೆಯ ಮುಖವೇ."

ಓನೊ ಸಾನ್ ಅದೇ ಮುಖದಿಂದ ನನ್ನ ಬಟ್ಟಲಿಗೆ ಟೀ ಹಾಕಿದರು.

ಬುಧವಾರ

ಆ ಕಾಲಕ್ಕೆ ಟಿವಿ ಎಂದರೆ ನನಗೆ ಬೆಂಗಳೂರಿನ ಅಂಗಡಿಯ ಗಾಜಿನಾಚೆ ಕಂಡ ಪೆಟ್ಟಿಗೆ. ಓನೊ ಸಾನ್ ಮನೆಯಲ್ಲಿ ಅದು ದೇವರಗೂಡಿನ ಎದುರಿಗೇ ಇತ್ತು. ದೇವರೂ ನೋಡಲಿ ಎಂದಿರಬೇಕು. ಬುಧವಾರ ಸಂಜೆ ಊಟದ ಹೊತ್ತಿಗೆ ಅದರಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಕಾರ್ಟೂನು ಎಂದರೆ ಇಲಿ ಬೆಕ್ಕು ಹೊಡೆದಾಡುವುದು ಎಂದುಕೊಂಡು ಕೂತರೆ ಇದು ಹೈಸ್ಕೂಲಿನ ಪ್ರೇಮಕಥೆ! ನಮ್ಮ ಕಡೆ ಹೈಸ್ಕೂಲಿನಲ್ಲಿ ಪ್ರೇಮ ಎಂದರೆ ಹೆಡ್‌ಮಾಸ್ಟರರ ಬೆತ್ತ ಮುರಿಯುವ ವಿಷಯ. ಇಲ್ಲಿ ಅಜ್ಜಿ, ಅಪ್ಪ, ಅಮ್ಮ, ಮಗಳು ಎಲ್ಲ ಸಾಲಾಗಿ ಕೂತು ಅನ್ನ ತಿನ್ನುತ್ತ ನೋಡುತ್ತಿದ್ದರು.

ಕಥೆ ಇಷ್ಟೆ. ಹುಂಜದ ಜುಟ್ಟಿನಂಥ ಕೂದಲಿನ ಒಬ್ಬ ಹುಡುಗ. ಅವನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ. ಅವನು ಅವಳಿಗೆ ಒಂದು ಮಾತು ಹೇಳಬೇಕಾಗಿದೆ. ಹೇಳುವುದಿಲ್ಲ. ಮುಂದಿನ ಬುಧವಾರವೂ ಹೇಳುವುದಿಲ್ಲ. ಹುಡುಗಿಯ ಮುಖವಂತೂ, ಬರೆದವನು ಒಂದೇ ಸಲ ಬರೆದು ಅದನ್ನೇ ಬಳಸುತ್ತಿದ್ದಾನೇನೋ ಎಂಬಂತೆ ಕದಲುತ್ತಿರಲಿಲ್ಲ. ಅವನು ಶಾಲೆಯ ಮಹಡಿಯ ಮೇಲೆ ಅವಳೆದುರು ಬೆವರುತ್ತ ನಿಂತು "ಅನೋ... ಅನೋ..." ಎನ್ನುತ್ತಾನೆ. ಜಪಾನಿನಲ್ಲಿ ಅದು ನಮ್ಮ 'ಅದೇನಂದ್ರೆ' ಇದ್ದ ಹಾಗೆ. ಆದರೆ ಕೋಲಾರದ ಕಿವಿಗೆ 'ಅನ್ನೋ, ಅನ್ನೋ' ಎಂದು ತನ್ನನ್ನು ತಾನೇ ಗದರಿಸಿಕೊಳ್ಳುವ ಹಾಗೆ ಕೇಳುತ್ತದೆ. ನಾನೂ ಬಾಯಲ್ಲಿ ಅನ್ನ ಇಟ್ಟುಕೊಂಡೇ "ಅನ್ನೋ ಲೇ, ಅಂದುಬಿಡೋ!" ಎಂದು ಕೂಗಿಬಿಟ್ಟೆ. ಅಷ್ಟರಲ್ಲಿ ಆ ಹುಡುಗಿ, "ನಿನ್ನ ಶೂ ದಾರ ಬಿಚ್ಚಿದೆ" ಎಂದಳು. ಅವನು ಬಗ್ಗಿ ಕಟ್ಟಿಕೊಂಡು ಏಳುವಷ್ಟರಲ್ಲಿ ಅವಳಿಲ್ಲ. ಖಾಲಿ ಆಕಾಶದಲ್ಲಿ ಒಂದು ಕಾಗೆ ಕೂಗುತ್ತ ಎಡದಿಂದ ಬಲಕ್ಕೆ ಹಾರಿಹೋಯಿತು.

"ಕಾಗೆ ಯಾಕೆ?" ಎಂದು ಕೇಳಿದೆ.

"ಯಾರಿಗೂ ಏನೂ ಮಾತು ಉಳಿಯದೆ ಇದ್ದಾಗ ಕಾಗೆ ಬರುತ್ತೆ," ಎಂದಳು ಮಿದೊರಿ.

ಯಾರೂ ಜೋರಾಗಿ ನಗುತ್ತಿರಲಿಲ್ಲ. ಅಜ್ಜಿಗೆ ನಗು ಬಂದಿದೆ ಎಂಬುದು ಅವರ ಕೈಯ ಟೀ ಬಟ್ಟಲು ಅಲುಗುವುದರಿಂದ ಮಾತ್ರ ತಿಳಿಯುತ್ತಿತ್ತು.

ಬುಧವಾರಗಳಂದು ಪಕ್ಕದ ಮನೆಯ ತಕಾಶಿ ಬರುತ್ತಿದ್ದ. ಮಿದೊರಿಯ ಕ್ಲಾಸಿನವನೇ, ಉದ್ದನೆಯ ಹುಡುಗ, ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಳ್ಳದೆ ಒಮ್ಮೆಯೂ ಒಳಗೆ ಬಂದವನಲ್ಲ. ತಮ್ಮ ಮನೆಯ ಟಿವಿ ಕೆಟ್ಟಿದೆ ಎಂದು ಹೇಳಿ, ಮಿದೊರಿಯಿಂದ ಇಬ್ಬರು ಕೂರುವಷ್ಟು ದೂರದಲ್ಲಿ ಕೂತು, ಟಿವಿಯನ್ನು ಬಿಟ್ಟು ಚಾಪೆ ನೋಡುತ್ತಿದ್ದ. ನನ್ನ ಕೋಣೆಯ ಕಿಟಕಿಯಿಂದ ಅವರ ಮನೆಯ ಟಿವಿ ಕಾಣಿಸುತ್ತಿತ್ತು, ಚೆನ್ನಾಗಿ ಓಡುತ್ತಿತ್ತು. ಓನೊ ಸಾನ್‌ಗೆ ಗುಟ್ಟಾಗಿ ಹೇಳಿದೆ.

"ಗೊತ್ತು," ಎಂದರು. "ಪ್ರತಿ ಬುಧವಾರ ಕೆಡುತ್ತೆ. ಗುರುವಾರ ತಾನೇ ಸರಿಹೋಗುತ್ತೆ. ಜಪಾನಿನ ತಂತ್ರಜ್ಞಾನ."

ಗೂಡು ಬಿಡಿಸುವ ದಿನ

ಹುಳು ಮೇವು ಮುಗಿಸಿ ಹಣ್ಣಾಗಿ ಗೂಡು ಕಟ್ಟಿತು. ಹುಳುಗಳೆಲ್ಲ ಒಟ್ಟಿಗೆ ಗೂಡು ಕಟ್ಟುವ ನಮ್ಮ ಬಿದಿರಿನ ಚಂದ್ರಿಕೆಯ ಬದಲು ಅಲ್ಲಿ ರಟ್ಟಿನ ಮನೆಗಳು, ಹುಳುವಿಗೊಂದು ಕೋಣೆ. ನಮ್ಮ ಹುಳುಗಳು ಒಟ್ಟು ಕುಟುಂಬದವು, ಅವರವು ಬೇರೆ ಮನೆ ಮಾಡಿದವು. ಎಲ್ಲರೂ ಅಂಗಳದಲ್ಲಿ ಕೂತು ಗೂಡು ಬಿಡಿಸುತ್ತಿದ್ದೆವು. ತಕಾಶಿಯೂ ಇದ್ದ. ಅಜ್ಜಿ ನನ್ನ ಕಡೆ ತಿರುಗಿ, ಮದುವೆಯಾಗಿದೆಯೇ ಎಂದು ಮಿದೊರಿಯಿಂದ ಕೇಳಿಸಿದರು.

ಇಲ್ಲ ಎಂದು ಸುಮ್ಮನಾಗಬಹುದಿತ್ತು. ಕೈಗೆ ಕೆಲಸವಿದ್ದಾಗ ಬಾಯಿ ಸಡಿಲವಾಗುತ್ತದೆ. ಬಸ್ಸು, ಟೀಚರ್, ಕಂಡಕ್ಟರು, ಚಿಂತಾಮಣಿಯ ಗಂಡಿನವರು ಎಲ್ಲ ಹೇಳಿದೆ. ಮಿದೊರಿ ಒಂದೊಂದನ್ನೇ ದಾಟಿಸಿದಳು.

"ಅವರು ಹಾಗೆ ಹೇಳಿದಾಗ ನೀವು ಏನಂದಿರಿ?" ಎಂದು ಅಜ್ಜಿ ಕೇಳಿದರು.

"ಒಳ್ಳೇದು ಅಂದೆ."

ಅದನ್ನೂ ಮಿದೊರಿ ದಾಟಿಸಿದಳು. ಎಲ್ಲರ ಕೈ ನಿಂತಿತು. ಕೊನೆಗೆ ಓನೊ ಸಾನ್ ತಲೆಯೆತ್ತಿ ಖಾಲಿ ಆಕಾಶ ನೋಡಿ, ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಹೊರಳಿಸಿ, "ಕಾಗೆ" ಎಂದರು.

ನನಗೂ ನಗು ಬಂತು, ಆದರೆ ನಗು ಅರ್ಧಕ್ಕೆ ನಿಂತುಹೋಯಿತು. ದಸರೆಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಊರು ಸೇರುವ ಹೊತ್ತಿಗೆ ಆ ಬಸ್ಸಿನ ಕಿಟಕಿ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ ಎಂಬುದು ಅಲ್ಲಿಯವರೆಗೆ ಬರೀ ಯೋಚನೆಯಾಗಿತ್ತು. ಈಗ ಆ ಸೀಟು ಕಣ್ಣೆದುರೇ ಕಂಡಿತು. ಗೂಡಿನ ಬದಲು ನನ್ನ ಬೆರಳನ್ನೇ ಹಿಸುಕುತ್ತಿದ್ದೆ. ಅಜ್ಜಿ ಅದನ್ನು ನೋಡಿದರು.

"ಟೆಲಿಫೋನ್ ಮಾಡಿ," ಎಂದರು. ಅದು ಸಲಹೆ ಆಗಿರಲಿಲ್ಲ.

ಶನಿವಾರ

ಮಿದೊರಿ ಶನಿವಾರ ಆರಿಸಿದಳು. ಅವಳಿಗೆ ಅರ್ಧ ದಿನದ ಶಾಲೆ ಮುಗಿದಿರುತ್ತದೆ, ಗಡಿಯಾರ ಮೂರೂವರೆ ಗಂಟೆ ಹಿಂದಿರುವ ನಮ್ಮ ಕಡೆ ಟೀಚರ್‌ಗೆ ಬೆಳಗಿನ ಶಾಲೆ ಇನ್ನೂ ನಡೆಯುತ್ತಿರುತ್ತದೆ. ಶಾಲೆಯ ನಂಬರು ನನಗೆ ಗೊತ್ತಿರಲಿಲ್ಲ. ಶ್ರೀನಿವಾಸಪುರ, ಹೈಸ್ಕೂಲು, ಸರೋಜಾ ಟೀಚರ್ ಎಂದು ಬರೆಸಿ, ಹೆಸರು ಹಿಡಿದು ಕರೆಸುವ ಟ್ರಂಕ್ ಕಾಲ್ ಬುಕ್ ಮಾಡಿದೆವು. ಹಜಾರದಲ್ಲಿ ಫೋನಿನ ಎದುರು ನನಗೊಂದು ದಿಂಬು ಹಾಕಿದರು. ಮನೆಯವರೆಲ್ಲ ಟೀ, ಅಕ್ಕಿಯ ಬಿಸ್ಕತ್ತು ಇಟ್ಟುಕೊಂಡು ಬುಧವಾರ ಕೂರುವ ಹಾಗೆಯೇ ಸಾಲಾಗಿ ಕೂತರು. ಟಿವಿ ಇದ್ದ ಜಾಗದಲ್ಲಿ ನಾನಿದ್ದೆ. ತಕಾಶಿ ಬಂದು, ಹಣೆ ಬಡಿಸಿಕೊಂಡು, ತನ್ನ ಜಾಗದಲ್ಲಿ ಕೂತ. ಅವತ್ತು ಏನು ಕೆಟ್ಟಿತ್ತೋ ಹೇಳಲಿಲ್ಲ.

ಕಾದು ಕಾದು ಕೊನೆಗೆ ಫೋನಿನ ಗಂಟೆ ಹೊಡೆಯಿತು. ಎತ್ತಿ "ಹಲೋ" ಎಂದೆ. "ಹಲೋ" ಎಂದು ಗಂಡಸಿನ ದನಿ ಬಂತು. "ಯಾರು ಮಾತಾಡೋದು?" ಎಂದೆ. "ಯಾರು ಮಾತಾಡೋದು?" ಎಂದ ಅವನು. ಎಷ್ಟು ಸೊಕ್ಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನನ್ನ ದನಿಯೇ ಎಲ್ಲೆಲ್ಲೋ ಸುತ್ತಿ ನನಗೆ ವಾಪಸ್ ಬರುತ್ತಿತ್ತು. ಬೊಂಬಾಯಿಯ ಹೆಂಗಸು, ಬೆಂಗಳೂರಿನ ಗಂಡಸು, ಕೋಲಾರದ ಆಕಳಿಕೆ ಎಲ್ಲ ದಾಟಿ ಕೊನೆಗೆ ಶ್ರೀನಿವಾಸಪುರದ ಎಕ್ಸ್‌ಚೇಂಜಿನವನು ಸಿಕ್ಕ.

"ಎವರು ಸಾರ್? ಜಪಾನಾ? ನಿಜಂಗಾನಾ?" ಎಂದು ತೆಲುಗಿನಲ್ಲಿ ಕೂಗಿದ. "ಒಕ್ಕ ನಿಮಿಷಂ, ಟೀಚರ್‌ನ ಕರೆಸ್ತೀನಿ!"

ಬಹಳ ಹೊತ್ತಾದ ಮೇಲೆ ದೂರದ ಬಾವಿಯೊಳಗಿಂದ ಬಂದಂತೆ ಸರೋಜಾ ಟೀಚರ್ ದನಿ. "ಹಲೋ, ಯಾರು?"

"ಟೀಚರ್, ನಾನು ಚಂಗಲರಾಯಪ್ಪ!"

"ಏನು? ಕೇಳಿಸ್ತಿಲ್ಲ."

"ಚಂಗಲರಾಯಪ್ಪ! ನಿಮ್ಹತ್ರ ಒಂದು ಮಾತು ಹೇಳಬೇಕಿತ್ತು!"

"ಕೇಳಿಸ್ತಿಲ್ಲ ರೀ."

ಎಕ್ಸ್‌ಚೇಂಜಿನವನು ನಡುವೆ ಬಂದ. ಅವನಿಗೆ ಎರಡೂ ಕಡೆಯವರು ಸ್ಪಷ್ಟವಾಗಿ ಕೇಳಿಸುತ್ತಿದ್ದರು. "ನಂಗೆ ಹೇಳಿ ಸಾರ್, ನಾನು ಹೇಳ್ತೀನಿ."

"ಅದು ಹಂಗೆ ಹೇಳೋದಲ್ಲಪ್ಪ."

"ಟೈಮ್ ಆಗ್ತಾ ಐತೆ ಸಾರ್. ಚೆಪ್ಪಂಡಿ, ಹೇಳಿಬಿಡಿ!"

ಸಾಲಾಗಿ ಕೂತಿದ್ದ ಐದು ಮುಖ ನನ್ನನ್ನು ನೋಡುತ್ತಿದ್ದವು. ಒಂದೂ ಕದಲುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, "ಅವರನ್ನ ಮದುವೆ ಆಗಬೇಕು ಅಂತ ಇದೀನಿ ಅಂತ ಹೇಳು!" ಎಂದೆ.

ಅವನು ತಡಮಾಡಲಿಲ್ಲ. "ಟೀಚರ್! ನಿಮ್ಮನ್ನ ಮದುವೆ ಆಗ್ತೀನಿ!"

ಲೈನಿನಲ್ಲಿ ಸಮುದ್ರದ ಹಾಗೆ ಮೊರೆತ. ಆಮೇಲೆ ಟೀಚರ್, "ಎಕ್ಸ್‌ಚೇಂಜಿನೋರಾ? ನಿಮಗೆ ಆಗಲೇ ಮದುವೆ ಆಗಿ ಇಬ್ಬರು ಮಕ್ಕಳು ನನ್ನ ಕ್ಲಾಸಲ್ಲೇ ಇದಾರಲ್ಲ" ಎಂದರು.

"ಅಯ್ಯೋ ನಾನಲ್ಲಮ್ಮ! ಸಾರು! ಜಪಾನ್ ಸಾರು!"

"ಹಂಗಾದ್ರೆ ಅವರಿಗೇ ಹೇಳಕ್ಕೆ ಹೇಳಿ."

ಏನಾಯಿತೋ, ಲೈನು ಒಮ್ಮೆಗೇ ತಿಳಿಯಾಯಿತು. ಅವರ ಉಸಿರು ಕೂಡ ಪಕ್ಕದಲ್ಲಿದ್ದಂತೆ ಕೇಳಿಸಿತು. ನಾನು ಕೂಗಲಿಲ್ಲ. "ಟೀಚರ್, ಬಸ್ಸಲ್ಲಿ ಒಳ್ಳೇದು ಅಂದೆನಲ್ಲ, ಅದು ಸುಳ್ಳು. ನಂಗೆ ನೀವು ಬೇಕು. ನಿಮಗೆ ಒಪ್ಪಿಗೆ ಆದ್ರೆ ನಿಮ್ಮನ್ನ ಮದುವೆ ಆಗ್ತೀನಿ" ಎಂದೆ.

"ಕೇಳಿಸ್ತು," ಎಂದರು ಟೀಚರ್.

ಅವರ ಹಿಂದೆ ಶಾಲೆಯ ಗಂಟೆ ಹೊಡೆಯಿತು. ಲೈನು ಕಡಿದುಹೋಯಿತು.

"ಏನಂದರು?" ಎಂದು ಐವರೂ ಮುಂದಕ್ಕೆ ಬಾಗಿದರು.

"ಕೇಳಿಸ್ತು ಅಂದರು."

ಅಜ್ಜಿ ಬಟ್ಟಲು ಕೆಳಗಿಟ್ಟು, "ಒಳ್ಳೇ ಹುಡುಗಿ" ಎಂದರು. ಓನೊ ಸಾನ್ ಎದ್ದು ಕಾಲು ನೀವಿಕೊಳ್ಳುತ್ತ, "ಉಳಿದದ್ದು ಮುಂದಿನ ವಾರಕ್ಕೆ" ಎಂದರು.

ಎಲ್ಲರೂ ಏಳುವಾಗ ತಕಾಶಿ ಏಳಲಿಲ್ಲ. ಕಿವಿಯ ತುದಿಯವರೆಗೆ ಕೆಂಪಾಗಿ, ಚಾಪೆ ನೋಡುತ್ತಲೇ ಮಿದೊರಿಗೆ ಏನೋ ಹೇಳಿದ. ಅವಳು ಒಂದೇ ಪದದಲ್ಲಿ ಉತ್ತರ ಕೊಟ್ಟು ಟೀ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಹೋದ ಮೇಲೆ ಏನಂದ ಎಂದು ಮಿದೊರಿಯನ್ನು ಕೇಳಿದೆ.

"ನಮ್ಮ ಮನೆ ಟಿವಿ ಕೆಟ್ಟಿಲ್ಲ ಅಂದ."

"ನೀನೇನಂದೆ?"

"ಗೊತ್ತು ಅಂದೆ."

ಆದರೆ ಅಡುಗೆಮನೆಯಲ್ಲಿ ಅವಳು ಒಂದೇ ಬಟ್ಟಲನ್ನು ತೊಳೆಯುತ್ತಲೇ ಇದ್ದಳು. ಮುಂದಿನ ಬುಧವಾರ ತಕಾಶಿ ಟಿವಿಯ ಮಾತೆತ್ತದೆ ಬಂದು, ಇಬ್ಬರ ಬದಲು ಒಬ್ಬರು ಕೂರುವಷ್ಟು ದೂರದಲ್ಲಿ ಕೂತ. ನಡುವೆ ಉಳಿದ ಆ ಒಂದು ಜಾಗದಲ್ಲಿ ಓನೊ ಸಾನ್ ಹೋಗಿ ಕೂತುಕೊಂಡರು.

ಮತ್ತೆ ಮುಳಬಾಗಿಲು

'ಕೇಳಿಸ್ತು' ಎಂಬ ಪದವನ್ನು ಉಳಿದ ದಿನವೆಲ್ಲ ನಾನು ತಿರುಗಿಸಿ ತಿರುಗಿಸಿ ನೋಡಿದೆ. ಹಿಪ್ಪುನೇರಳೆ ಕಡ್ಡಿ ಕತ್ತರಿಸುವಾಗ ಅದು ಹೂಂ ಎಂದಿತು, ಸಂಜೆ ಚಳಿಗೆ ಸ್ವೆಟರ್ ಹಾಕಿಕೊಳ್ಳುವಾಗ ಊಹೂಂ ಎಂದಿತು. ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ಊರಿಗೆ ಬಂದಾಗ ಕಾರ್ತಿಕ ಮಾಸ. ಎಕ್ಸ್‌ಚೇಂಜಿನವನ ಕೃಪೆಯಿಂದ ಎರಡು ತಾಲ್ಲೂಕಿಗೆ ವಿಷಯ ಗೊತ್ತಿತ್ತು. ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುತ್ತ, "ಏನ್ ಸಾರ್, ಟೀಚರ್ ಏನಂದ್ರು?" ಎಂದ. ನನಗೇ ಗೊತ್ತಿಲ್ಲ ಎಂದರೆ ನಂಬಲಿಲ್ಲ.

ಟೀಚರ್ ಮನೆಗೆ ಹೋದೆ. ಟೀಚರ್ ಅಪ್ಪ ತರಕಾರಿ ಮಂಡಿಯವರು. ನನ್ನನ್ನು ಕಾಲಿನಿಂದ ತಲೆಯವರೆಗೆ ಒಳ್ಳೆಯ ಟೊಮೆಟೊ ಆರಿಸುವ ಹಾಗೆ ನೋಡಿ, "ಫೋನಲ್ಲಿ ಕೂಗಿದೋರು ನೀವೇನಾ? ಕೂತ್ಕೊಳ್ಳಿ. ನಿಮ್ಮ ತಂದೇವ್ರು ಯಾವಾಗ ಬರ್ತಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಂಚಾಂಗ ಹುಡುಕಲು ಒಳಗೆ ಹೋದರು. ನಾನು ಆಗ ಕುರ್ಚಿಗೆ ಬೆನ್ನು ಕೊಟ್ಟು ಕೂತೆ. ಟೀಚರ್ ಕಾಫಿ ತಂದರು.

"ಆ ಚಿಂತಾಮಣಿಯೋರು ಏನಾದ್ರು ಟೀಚರ್?"

"ಬಂದಿದ್ರು. ಉಪ್ಪಿಟ್ಟು ತಿಂದ್ರು. ಹೋದ್ರು."

"ದಸರಾದಲ್ಲಾ?"

"ಇಲ್ಲ. ಅವಸರ ಅಂತ ಗೌರಿ ಹಬ್ಬಕ್ಕೆ ಮುಂಚೇನೆ ಬಂದ್ರು. ನಂಗೆ ಬೇಡ ಅಂದೆ."

ಲೆಕ್ಕ ಹಾಕಿದೆ. ನಾನು ಆಗಿನ್ನೂ ಹುರಿಹಿಟ್ಟಿನ ಅರ್ಧ ಡಬ್ಬಿಯನ್ನೂ ಮುಗಿಸಿರಲಿಲ್ಲ. "ಅಂದ್ರೆ ನಾನು ಫೋನ್ ಮಾಡೋಕೆ ಮುಂಚೇನೆ ಬೇಡ ಅಂದಿದ್ರಾ?"

"ಹೂಂ."

"ನಾನು ಫೋನೇ ಮಾಡದೆ ಇದ್ದಿದ್ರೆ?"

ಅವರು ಕಾಫಿ ಲೋಟ ನನ್ನ ಕೈಗಿಟ್ಟು, ಸೆರಗು ಸರಿಮಾಡಿಕೊಂಡು, ಮುಖದಲ್ಲಿ ಒಂದು ಗೆರೆಯೂ ಕದಲಿಸದೆ ಹೇಳಿದರು:

"ನೀವು ವಾಪಸ್ ಬಂದ ಮೇಲೆ ಬಸ್ಸಲ್ಲಿ ನಾನೇ ಕೇಳ್ತಿದ್ದೆ. ಮೆತ್ತಗೆ."